ಲಿಫ್ಟಿಗಿಂತ ಮೊದಲು ನೆಲ ನೋಡಿ

ಕುಮಾರಪಟ್ಟಣದ ಸುತ್ತ ಹೆದ್ದಾರಿ ಬದಿಗೆ ಜಮೀನಿದ್ದವರು ಗೋವಿನಜೋಳದ ಶೆಡ್ಡನ್ನೇ ಗ್ಯಾರೇಜು ಮಾಡುವ ಯೋಚನೆಯಲ್ಲಿದ್ದರೆ ಒಂದು ಮಾತು. ತೆನೆ ಹರವಲು ಹಾಕಿಸಿದ 3 ಇಂಚಿನ ನೆಲ ಎರಡು ಕಂಬದ ಕಾರ್ ಲಿಫ್ಟನ್ನು ತಡೆಯದು. ಎತ್ತಿದ ಗಾಡಿಯ ಭಾರ ಕಂಬಗಳನ್ನು ಒಳಕ್ಕೆ ವಾಲಿಸುತ್ತದೆ, ಹೊರಬದಿಯ ಬೋಲ್ಟುಗಳನ್ನು ಮೇಲಕ್ಕೆ ಜಗ್ಗುತ್ತದೆ. ಕಾಂಕ್ರೀಟು ಬಡಕಲಾದರೆ ಬೋಲ್ಟು ಸುತ್ತಲಿನ ತುಂಡನ್ನೂ ಕಿತ್ತುಕೊಂಡೇ ಬರುತ್ತದೆ.

'ಕೆಮಿಕಲ್ ಹಾಕಿ ಕೂರಿಸ್ತೀವಿ ಬಿಡ್ರಿ' ಅಂತಾರೆ. ಅಂಟು ಗಟ್ಟಿಯೇ. ಆದರೆ ಅದು ಹಿಡಿಯುವ ನೆಲವೇ ಪೊಳ್ಳಾದರೆ ಏನು ಮಾಡೀತು? ಮೇಲಾಗಿ ಕೆಳಗೆ ಎರೆಮಣ್ಣಿದ್ದರೆ ಮಳೆಗಾಲಕ್ಕೆ ಉಬ್ಬಿ, ಬೇಸಿಗೆಗೆ ಬಿರಿದು ನೆಲವನ್ನೇ ಸೀಳುತ್ತದೆ.

ಮೊದಲು ತೂತು ಕೊರೆದು ದಪ್ಪ ಅಳೆಯಿರಿ. ಲಿಫ್ಟಿನ ಕೈಪಿಡಿ ಕೇಳುವಷ್ಟು ದಪ್ಪವಿಲ್ಲದಿದ್ದರೆ ಆ ಜಾಗ ಕತ್ತರಿಸಿ, ಎರೆ ತೆಗೆದು, ಗರಸು ತುಂಬಿ ಬಡಿದು, ಕಬ್ಬಿಣ ಕಟ್ಟಿ ಎರಡೂ ಕಂಬಕ್ಕೆ ಸೇರಿ ಒಂದೇ ದಪ್ಪ ಹಾಸು ಹಾಕಿಸಿ. ಅಳತೆಯನ್ನು ಇಂಜಿನಿಯರ್ ಹೇಳಲಿ. ದಿನವೂ ನೀರುಣಿಸಿ, 28 ದಿನ ತುಂಬುವ ತನಕ ಬೋಲ್ಟಿಗೆ ಕೈ ಹಾಕಬೇಡಿ.

ಹಾಸಿಗೆ ದುಡ್ಡಿಲ್ಲ ಅನ್ನುವವರು ಲಿಫ್ಟನ್ನೂ ಮುಂದಕ್ಕೆ ಹಾಕುವುದೇ ಲೇಸು. ಅದರ ಕೆಳಗೆ ನಿಂತು ಕೆಲಸ ಮಾಡುವವನು ನಮ್ಮ ಮನೆಯ ಮಗನೇ.