ಬೆಳ್ಳಗಾಗಲಿಕ್ಕಲ್ಲ ಕಣ್ರೀ

ಸನ್‌ಸ್ಕ್ರೀನ್ ಎಂಬ ಶಬ್ದವನ್ನು ಯಾವಳಾದರೂ ನಾಲ್ಕು ಜನರೆದುರು ಬಾಯಿ ಬಿಟ್ಟು ಹೇಳಿ ನೋಡಲಿ. "ಇನ್ನೂ ಎಷ್ಟು ಬೆಳ್ಳಗಾಗಬೇಕು ನಿಮಗೆ?" ಎಂಬ ಕುಹಕ ಕೂಡಲೇ ಬರುತ್ತದೆ. ನನ್ನಂಥ ಕಪ್ಪು ಹೆಂಗಸಾದರೆ ಕುಹಕದ ಧಾಟಿ ಬೇರೆ: "ಈ ಬಣ್ಣಕ್ಕೆ ಬಿಸಿಲು ಇನ್ನೇನು ಮಾಡೀತು?" ಎರಡು ಮಾತಿನ ಬೇರೂ ಒಂದೇ. ಹೆಣ್ಣು ಮುಖಕ್ಕೆ ಏನು ಹಚ್ಚಿಕೊಂಡರೂ ಅದು ಬಿಳುಪಿನ ಆಸೆಗೇ ಎಂದು ನಮ್ಮ ಜನ ತೀರ್ಮಾನಿಸಿಬಿಟ್ಟಿದ್ದಾರೆ.

ಹಾಗೆ ತೀರ್ಮಾನಿಸಲು ಕಲಿಸಿದವರು ಮಾರುವವರೇ. 1975ರಲ್ಲಿ ಈ ದೇಶದ ಪೇಟೆಗೆ ಬಂದ ಫೇರ್ ಅಂಡ್ ಲವ್ಲಿ ತನ್ನ ಹೆಸರಿನ 'ಫೇರ್' ಕಳಚಿ 'ಗ್ಲೋ' ತೊಟ್ಟುಕೊಂಡದ್ದು 2020ರಲ್ಲಿ. ನಲವತ್ತೈದು ವರ್ಷ! ಅಷ್ಟರಲ್ಲಿ ಎರಡು ತಲೆಮಾರಿನ ಹುಡುಗಿಯರು ಕನ್ನಡಿಯೆದುರು ತಮ್ಮನ್ನು ತಾವೇ ಬೈದುಕೊಂಡು ಆಗಿತ್ತು. ಈಗ ಅದೇ ಕಪಾಟಿನಲ್ಲಿ, ಅದೇ ಬಿಳುಪಿನ ಭರವಸೆಯ ಪಕ್ಕದಲ್ಲಿ ಸನ್‌ಸ್ಕ್ರೀನನ್ನೂ ಇಟ್ಟು ಮಾರುತ್ತಾರೆ. ಬಿಸಿಲನ್ನು ತಡೆಯುವುದಷ್ಟೇ ಅದರ ಕೆಲಸ. ಇದ್ದ ಬಣ್ಣವನ್ನು ಅದು ತೊಳೆಯುವುದಿಲ್ಲ, ತೊಳೆಯಬೇಕಾಗಿಯೂ ಇಲ್ಲ.

ಬಿಸಿಲು ಏನು ಮಾಡುತ್ತದೆಂದು ಬಂಗು ಬಂದವರನ್ನು ಕೇಳಬೇಕು. ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಕಂದು ನಕ್ಷೆ ಬರೆದಂತೆ ಮೂಡುತ್ತದಲ್ಲ, ಅದು. ಕೆಲವರಿಗೆ ಬಸುರಿನಲ್ಲಿ, ಕೆಲವರಿಗೆ ಗರ್ಭನಿರೋಧಕ ಗುಳಿಗೆಯಿಂದ, ಇನ್ನು ಕೆಲವರಿಗೆ ತಾಯಿಯಿಂದ ಬಂದ ಬಳುವಳಿಯಾಗಿ ಶುರುವಾಗುತ್ತದೆ. ಬಿಸಿಲು ಅದಕ್ಕೆ ನೀರೆರೆದು ಸಾಕುತ್ತದೆ. ನಮ್ಮ ಚರ್ಮ ಬಿಳಿಯರದರಂತೆ ಬೇಗ ಸುಟ್ಟು ಕೆಂಪಾಗುವುದಿಲ್ಲ, ನಿಜ. ಚರ್ಮದ ಕ್ಯಾನ್ಸರಿನ ಭಯವೂ ಅವರಷ್ಟಿಲ್ಲ. ಆದರೆ ಕಲೆಗಟ್ಟುವುದರಲ್ಲಿ ನಾವೇ ಮುಂದು. ಚರ್ಮ ಸುಡುವ ಯುವಿಬಿ ಕಿರಣವನ್ನು ಕಿಟಕಿಯ ಗಾಜು ಬಹುಮಟ್ಟಿಗೆ ತಡೆಯುತ್ತದೆ. ಯುವಿಎ ಗಾಜನ್ನು ದಾಟಿ ಬರುತ್ತದೆ. ಸಾಲದ್ದಕ್ಕೆ ಕಣ್ಣಿಗೆ ಕಾಣುವ ಬೆಳಕೂ ಕಂದು ಚರ್ಮದ ಕಲೆಯನ್ನು ಗಾಢವಾಗಿಸುತ್ತದೆ. ಬ್ಯಾಂಕಿನಲ್ಲಿ ಕಿಟಕಿಗೆ ಕೆನ್ನೆ ಕೊಟ್ಟು ಕೂತವಳೂ, ಸ್ಕೂಟಿಯಲ್ಲಿ ಮಗುವನ್ನು ಶಾಲೆಗೆ ಬಿಟ್ಟು ಬರುವವಳೂ ಇದರಿಂದ ಪಾರಾಗಿಲ್ಲ.

ನನ್ನ ಸಹೋದ್ಯೋಗಿಯೊಬ್ಬರಿಗೆ ಎರಡನೆಯ ಹೆರಿಗೆಯ ನಂತರ ಬಂಗು ಬಂತು. ಅತ್ತೆ ಅರಿಶಿನ ಹಚ್ಚೆಂದರು. ನಾದಿನಿ ನಿಂಬೆರಸ ಎಂದಳು. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಬೊಬ್ಬೆ ಬಂದು ಕಪ್ಪಿಡಬಹುದು ಎಂದು ಹೇಳುವವರು ಯಾರೂ ಇರಲಿಲ್ಲ. ಕೊನೆಗೆ ಔಷಧಿ ಅಂಗಡಿಯವನೊಬ್ಬ ಒಂದು ಸಣ್ಣ ಟ್ಯೂಬು ಕೊಟ್ಟ. ಹದಿನೈದು ದಿನದಲ್ಲಿ ಮುಖ ತಿಳಿಯಾಯಿತು, ಓಣಿಯೆಲ್ಲ ಹೊಗಳಿತು. ಬಿಟ್ಟರೆ ಬಂಗು ಮರಳಿ ಬರುತ್ತಿತ್ತು, ಹಾಗಾಗಿ ಬಿಡಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಕೆನ್ನೆಯ ಚರ್ಮ ತೆಳುವಾಗಿ ಕೆಂಪು ನರಗಳ ಎಳೆ ಕಾಣತೊಡಗಿತು, ಗಲ್ಲದ ಮೇಲೆ ಕೂದಲೆದ್ದಿತು, ಬಿಸಿಲಿಗೆ ಬಂದರೆ ಮೆಣಸಿನಪುಡಿ ಸವರಿದ ಹಾಗೆ ಉರಿ. ಟ್ಯೂಬಿನಲ್ಲಿದ್ದದ್ದು ಸ್ಟೀರಾಯ್ಡ್. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಸರ್ಕಾರ 2018ರಲ್ಲೇ ಬಿಗಿ ಮಾಡಿದೆ. ಕೌಂಟರಿನ ಈಚೆಗೆ ನಿಂತ ಹೆಂಗಸಿಗೆ ಆ ಬಿಗಿ ಎಲ್ಲಿ ಕಾಣುತ್ತದೆ, ಹೇಳಿ? ಆಕೆಗೆ ಮೊದಲ ದಿನವೇ ಯಾರಾದರೂ ಒಂದು ಸನ್‌ಸ್ಕ್ರೀನ್ ಕೊಟ್ಟು, ಚರ್ಮದ ಡಾಕ್ಟರ ಬಳಿಗೆ ಕಳಿಸಿದ್ದರೆ ಸಾಕಿತ್ತು.

"ಹಚ್ಚಿದರೆ ಮುಖ ಜಿಡ್ಡು, ಮೇಲೆ ಪೌಡರು ನಿಲ್ಲೋದಿಲ್ಲ" ಎನ್ನುವವರ ದೂರು ನ್ಯಾಯವಾದದ್ದು. ಜಿಂಕ್ ಆಕ್ಸೈಡು, ಟೈಟಾನಿಯಂ ಡೈಆಕ್ಸೈಡು ತುಂಬಿದ ದಪ್ಪ ಕ್ರೀಮು ನಮ್ಮ ಬಣ್ಣದ ಮೇಲೆ ಸುಣ್ಣ ಬಳಿದಂತೆ ಕೂರುತ್ತದೆ. ಮದುವೆಮನೆಯಲ್ಲಿ ಫ್ಲಾಶ್ ಬಿದ್ದರಂತೂ ಫೋಟೋದಲ್ಲಿ ಮುಖ ಒಂದು ಬಣ್ಣ, ಕೊರಳು ಒಂದು ಬಣ್ಣ. ರಾಯಚೂರಿನ ಏಪ್ರಿಲ್ಲಿನಲ್ಲಿ, ಮಂಗಳೂರಿನ ಮೇ ಬೆವರಿನಲ್ಲಿ ಅದನ್ನು ಹೊತ್ತು ತಿರುಗಿ ಎಂದರೆ ಯಾರು ಕೇಳುತ್ತಾರೆ? ಈಗ ಹಗುರವಾದ ಜೆಲ್ಲು, ನೀರಿನಷ್ಟು ತೆಳುವಾದ ಫ್ಲೂಯಿಡ್ ಸಿಗುತ್ತವೆ. ಬ್ರಾಡ್ ಸ್ಪೆಕ್ಟ್ರಮ್ ಎಂದು ಬರೆದಿರಬೇಕು, ಎಸ್‌ಪಿಎಫ್ 30ಕ್ಕೆ ಕಡಿಮೆಯಿರಬಾರದು, ಪಿಎ ಮುಂದೆ ಮೂರಾದರೂ ಪ್ಲಸ್ ಇರಬೇಕು. ಎಸ್‌ಪಿಎಫ್ 30 ಯುವಿಬಿಯ ಶೇ. 97ರಷ್ಟು ತಡೆದರೆ 50 ತಡೆಯುವುದು ಶೇ. 98, ಅದರಾಚೆಯ ದೊಡ್ಡ ಅಂಕಿಗೆ ದುಡ್ಡು ಸುರಿಯುವುದು ದಂಡ. ಬಂಗು ಇದ್ದವರು ಮಾತ್ರ ಐರನ್ ಆಕ್ಸೈಡು ಬೆರೆತ, ಚರ್ಮದ ಬಣ್ಣದ್ದೇ ಕೊಳ್ಳಲಿ. ಕಾಣುವ ಬೆಳಕನ್ನು ತಡೆಯುವುದು ಅದೇ. ಎಷ್ಟೋ ಸಲ ಅದರ ಮೇಲೆ ಫೌಂಡೇಶನ್ನೇ ಬೇಡವಾಗುತ್ತದೆ.

ಇನ್ನು ನನಗೆ ನಿಜವಾಗಿ ಸಿಟ್ಟು ಬರಿಸುವುದು "ನಮ್ಮ ಫೌಂಡೇಶನ್ನಿನಲ್ಲೇ ಎಸ್‌ಪಿಎಫ್ ಇದೆ" ಎಂಬ ಮಾತು. ಪ್ರಯೋಗಶಾಲೆಯಲ್ಲಿ ಆ ಅಂಕಿ ಸಿಗುವುದು ಒಂದು ಚದರ ಸೆಂಟಿಮೀಟರಿಗೆ ಎರಡು ಮಿಲಿಗ್ರಾಂ ಹಚ್ಚಿದಾಗ. ಮುಖ, ಕೊರಳಿಗೆ ಅದು ಒಂದು ಗ್ರಾಂಗಿಂತ ತುಸು ಹೆಚ್ಚೇ ಆಗುತ್ತದೆ. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಎಳೆದಷ್ಟು. ಅಷ್ಟು ಫೌಂಡೇಶನ್ ಬಳಿದುಕೊಂಡು ಆಫೀಸಿಗೆ ಹೋದರೆ, ಯಕ್ಷಗಾನದ ಬಣ್ಣದ ವೇಷ ಚೌಕಿಯಿಂದ ನೇರ ಬಂತೇ ಎಂದು ಕೇಳಿಯಾರು. ಕೆಳಗೆ 30, ಮೇಲೆ 20 ಹಚ್ಚಿದರೆ 50 ಆಗುವ ಕೂಡುವ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ಜಾಹೀರಾತಿನ ಚೆಲುವೆ ಬಟಾಣಿಯಷ್ಟು ತೆಗೆದು ಕೆನ್ನೆಗೆ ಚುಕ್ಕಿಯಿಡುತ್ತಾಳಲ್ಲ, ಅದನ್ನೂ ನಂಬಬೇಡಿ.

ಹಚ್ಚುವುದರಲ್ಲಿ ದೊಡ್ಡ ಕಸುಬೇನಿಲ್ಲ. ರವಿಕೆಗೆ ಲೈನಿಂಗ್ ಇದ್ದ ಹಾಗೆ, ಇದು ಅಲಂಕಾರದ ಕೆಳಗೆ ಇರಬೇಕಾದದ್ದು. ಮುಖಕ್ಕೆ ತೇವದ ಕ್ರೀಮು ಬೇಕಾದವರು ಮೊದಲು ಅದನ್ನು ಹಚ್ಚಲಿ, ಆಮೇಲೆ ಸನ್‌ಸ್ಕ್ರೀನ್. ಕಿವಿ, ಕೊರಳಿನ ಹಿಂಭಾಗ ಮರೆಯಬಾರದು. ನಂತರ ಹತ್ತು ನಿಮಿಷ ಕೈ ಕಟ್ಟಿ ಕೂರಬೇಕು. ಡಬ್ಬಿ ಕಟ್ಟುವ ಮನೆಯಲ್ಲಿ ಕೂರಲು ಯಾರು ಬಿಡುತ್ತಾರೆ, ಅದಕ್ಕೇ ಚಪಾತಿ ಲಟ್ಟಿಸುವ ಮೊದಲೇ ಹಚ್ಚಿಬಿಡಿ. ಮೇಲಿನ ಪೌಡರನ್ನೋ ಫೌಂಡೇಶನ್ನನ್ನೋ ಉಜ್ಜದೆ ಒತ್ತಿ ಒತ್ತಿ ಕೂರಿಸಬೇಕು. ಉಜ್ಜಿದರೆ ಕೆಳಗಿನ ಪದರ ಎದ್ದು ರಬ್ಬರಿನ ಪುಡಿಯಂತೆ ಉದುರುತ್ತದೆ. ಬಿಸಿಲಿನಲ್ಲಿ ಓಡಾಡುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅಲಂಕಾರದ ಮೇಲೆ ಅದು ಕಷ್ಟವೇ. ಬೆವರು ಒತ್ತಿ ತೆಗೆದು, ಸ್ಪಂಜಿನಿಂದ ತಟ್ಟಿಕೊಳ್ಳಬಹುದು. ಇಲ್ಲವೇ ಛತ್ರಿ ಬಿಚ್ಚಿ. ಮಳೆಗಾಲದಲ್ಲಿ ಛತ್ರಿ ಹಿಡಿದರೆ ಜಾಣೆ, ಬೇಸಿಗೆಯಲ್ಲಿ ಹಿಡಿದರೆ ಬಿನ್ನಾಣಗಿತ್ತಿ ಎನ್ನುವವರ ಬಾಯಿಗೆ ಬೀಗ ನನ್ನ ಬಳಿ ಇಲ್ಲ.

ಬೆಲೆಯ ಮಾತೂ ಆಡಲೇಬೇಕು. ಐವತ್ತು ಗ್ರಾಮಿನ ಟ್ಯೂಬು ದಿನಕ್ಕೊಮ್ಮೆ ಸರಿಯಾಗಿ ಹಚ್ಚಿದರೆ ನಲವತ್ತು ದಿನಕ್ಕೆ ಮುಗಿಯುತ್ತದೆ. ನಾನೂರು ರೂಪಾಯಿಯದಾದರೆ ದಿನಕ್ಕೆ ಹತ್ತು ರೂಪಾಯಿ. ಮನೆಯ ಗಂಡಸಿನ ಎರಡು ಹೊತ್ತಿನ ಹೋಟೆಲ್ ಚಹಾಕ್ಕಿಂತ ಕಡಿಮೆ. ಆ ಚಹಾದ ಲೆಕ್ಕ ಯಾರೂ ಕೇಳುವುದಿಲ್ಲ. ಈ ಟ್ಯೂಬನ್ನು ಮಾತ್ರ ಬೀರುವಿನ ಸೀರೆಯ ಮಡಿಕೆಯೊಳಗೆ ಅಡಗಿಸಿಡುವ ಗೃಹಿಣಿಯರನ್ನು ನಾನು ಬಲ್ಲೆ. ಸರ್ಕಾರದ ಲೆಕ್ಕವೂ ಮನೆಯ ಲೆಕ್ಕದಂತೆಯೇ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಇಳಿಸಿದಾಗ ಮುಖದ ಪೌಡರು ಶೇ. 18ರಿಂದ ಶೇ. 5ಕ್ಕೆ ಬಂತು. ಸನ್‌ಸ್ಕ್ರೀನ್ ಶೇ. 18ರಲ್ಲೇ ಉಳಿಯಿತು. ಬಿಳಿ ಮಾಡುವುದಕ್ಕೆ ರಿಯಾಯಿತಿ, ಕಾಯುವುದಕ್ಕೆ ದಂಡ! ಬೆಳಿಗ್ಗೆ ಆರರಿಂದ ರಸ್ತೆ ಗುಡಿಸುವ ಪೌರಕಾರ್ಮಿಕ ಹೆಂಗಸಿಗೆ ಈ ಟ್ಯೂಬು ಕೈಗೆಟುಕುವುದು ಯಾವಾಗ? ಕೈಗವಸು, ಬೂಟು ಕೊಡಬೇಕೆಂದು ನಗರಸಭೆಗಳಿಗೆ ಹೇಳಿ ಹೇಳಿ ಸಾಕಾಗಿದೆ. ಮುಂದಿನ ಅರ್ಜಿ ಬರೆಯುವಾಗ ಆ ಪಟ್ಟಿಯಲ್ಲಿ ಅಗಲ ಅಂಚಿನ ಒಂದು ಟೋಪಿ, ಒಂದು ಟ್ಯೂಬು ಸನ್‌ಸ್ಕ್ರೀನ್ ಎಂದೂ ಸೇರಿಸಿ. ಓದಿದವರು ನಕ್ಕರೆ ನಗಲಿ.