ಮೆಡಿಕಲ್ ಸ್ಟೋರಿನವನು ನಿಮ್ಮ ನಾಯಿಯ ಡಾಕ್ಟರಲ್ಲ

ಅರಕಲಗೂಡಿನ ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡು ಕೂತವನು ನಾನು. ಬೆಳಗ್ಗೆ ಷಟರ್ ಎತ್ತಿದರೆ ರಾತ್ರಿ ಎಳೆಯುವವರೆಗೂ ಬಿ.ಪಿ., ಶುಗರ್, ಗ್ಯಾಸ್ಟ್ರಿಕ್, ಮಂಡಿನೋವು. ಈಚೀಚೆಗೆ ಇವುಗಳ ಜೊತೆ ಇನ್ನೊಂದು ಬೇಡಿಕೆ ಸೇರಿಕೊಂಡಿದೆ: "ಅಣ್ಣ, ನಾಯಿ ಎಲ್ಡು ದಿನದಿಂದ ಕೂಳು ಮುಟ್ಟಿಲ್ಲ, ಏನಾರ ಒಂದು ಮಾತ್ರೆ ಕೊಡಣ್ಣ." ನಾನು ಕೊಡುವುದಿಲ್ಲ. ಕೆಲವರು ಮುನಿಸಿಕೊಂಡು ಬೇರೆ ಅಂಗಡಿ ನೋಡಿಕೊಳ್ಳುತ್ತಾರೆ. ಯಾಕೆ ಕೊಡುವುದಿಲ್ಲ ಅಂತ ಕೌಂಟರಿನಲ್ಲಿ ವಿವರಿಸಿ ಹೇಳಲು ನನಗೂ ಪುರುಸೊತ್ತಿಲ್ಲ, ಕೇಳಿಸಿಕೊಳ್ಳಲು ಅವರಿಗೂ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ನಾಯಿ ಅಂದರೆ ಮೊದಲು ಹೊಲ ಕಾಯುವ ನಾಯಿ. ಆಲೂಗಡ್ಡೆ ಹೊಲದಲ್ಲೋ ಹೊಗೆಸೊಪ್ಪಿನ ಬ್ಯಾರನ್ ಹತ್ತಿರವೋ ಇರುತ್ತಿತ್ತು. ಮಿಕ್ಕ ಮುದ್ದೆ, ಸಾರು ತಿಂದು ಬದುಕುತ್ತಿತ್ತು, ಕಾಯಿಲೆ ಬಿದ್ದರೆ ಅದರ ಹಣೆಬರಹ. ಈಗ ಕೊಣನೂರು, ರಾಮನಾಥಪುರದ ಮನೆಗಳಲ್ಲೂ ಪಗ್ ಇದೆ, ಲ್ಯಾಬ್ರಡಾರ್ ಇದೆ, ಸೋಫಾದ ಮೇಲೆ ಮಲಗುವ ಬೆಕ್ಕಿದೆ. ಮೈಸೂರಿಂದಲೋ ಬೆಂಗಳೂರಿಂದಲೋ ಸಾವಿರಾರು ರೂಪಾಯಿ ಕೊಟ್ಟು ಮರಿ ತರುತ್ತಾರೆ. ಬೆಲ್ಟು, ಬಟ್ಟಲು, ಶಾಂಪೂ ಎಲ್ಲ ಮೊದಲ ದಿನವೇ ಬರುತ್ತದೆ. "ಡಾಕ್ಟರು ಯಾರು?" ಅಂತ ಕೇಳಿದರೆ ಗಂಡ ಹೆಂಡಿರು ಮುಖ ಮುಖ ನೋಡಿಕೊಳ್ಳುತ್ತಾರೆ. ಮರಿ ವಾಂತಿ ಮಾಡಿ ಮಲಗಿದ ದಿನ ಹುಡುಕಾಟ ಶುರುವಾಗುತ್ತದೆ, ಆ ಹುಡುಕಾಟ ನೇರ ನನ್ನ ಅಂಗಡಿಗೆ ಬಂದು ನಿಲ್ಲುತ್ತದೆ.

ಒಂದು ಸಂಜೆ ಮಲ್ಲಿಪಟ್ಟಣದ ಕಡೆಯ ಹೆಂಗಸೊಬ್ಬರು ಬ್ಯಾಸ್ಕೆಟ್ಟಿನಲ್ಲಿ ಬೆಕ್ಕನ್ನು ಹಾಕಿಕೊಂಡು ಬಂದರು. ಜ್ವರ ಅಂತ ಯಾರೋ ಹೇಳಿದ್ದಕ್ಕೆ ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಮಾತ್ರೆಯನ್ನು ಅರ್ಧ ಮಾಡಿ ಹಾಲಿನಲ್ಲಿ ಅರೆದು ಕುಡಿಸಿದ್ದರಂತೆ. ಬೆಕ್ಕಿನ ಮುಖ ಊದಿತ್ತು. ತುಟಿ ಸರಿಸಿ ನೋಡಿದರೆ ಒಸಡು ಗುಲಾಬಿ ಬಣ್ಣ ಬಿಟ್ಟು ಕಂದಾಗಿತ್ತು. ಮನುಷ್ಯನ ಪಿತ್ತಜನಕಾಂಗ ಈ ಔಷಧಿಯನ್ನು ಕರಗಿಸಿ ಹೊರಹಾಕುವ ದಾರಿ ಬೆಕ್ಕಿಗೆ ಸರಿಯಾಗಿಲ್ಲ. ಅದು ರಕ್ತಕ್ಕೇ ಪೆಟ್ಟು ಕೊಡುತ್ತದೆ, ರಕ್ತ ಆಮ್ಲಜನಕ ಹೊರುವುದನ್ನೇ ಬಿಡುತ್ತದೆ. ಆಟೋ ಹತ್ತಿಸಿ ಕಳಿಸಿದೆವು, ಬೆಕ್ಕು ಉಳಿಯಲಿಲ್ಲ. ನಾಯಿಗೆ ನೋವೆಂದು ಐಬುಪ್ರೊಫೆನ್ ನುಂಗಿಸುವುದೂ ಅಷ್ಟೇ ಅಪಾಯ: ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಏಟು. ಹಸುವಿನ ಉಣ್ಣೆಗೆಂದು ತಂದ ಔಷಧಿಯಲ್ಲಿ ಒಂದಿಷ್ಟು ಮಿಕ್ಕಿತ್ತೆಂದು ಬೆಕ್ಕಿನ ಮೈಗೆ ಸವರುವವರಿದ್ದಾರೆ. ಅಂಥ ಕೆಲವು ಔಷಧಿಗಳು ಬೆಕ್ಕಿಗೆ ನಡುಕ, ಸೆಳವು ತರಿಸಿ ಕೊಂದೇಬಿಡುತ್ತವೆ.

ಹಾಗಾದರೆ ಯಾರ ಹತ್ತಿರ ಹೋಗಬೇಕು? ನನ್ನ ಅಭಿಪ್ರಾಯ ಇಷ್ಟು: ಮೊದಲು ನಿಮ್ಮ ಹತ್ತಿರದ ಪಶು ಆಸ್ಪತ್ರೆ, ಆಮೇಲೆ ಹಾಸನ. ಬೋರ್ಡು ಹೊಳೆಯುತ್ತದೆ, ಎ.ಸಿ. ಇದೆ ಅಂತ ಡಾಕ್ಟರನ್ನು ಆರಿಸಬೇಡಿ. ಅವರು ಕೆಲಸ ಮಾಡುವ ರೀತಿ ನೋಡಿ ಆರಿಸಿ.

ಮೊದಲು ನೋಡಬೇಕಾದ್ದು ಅವರು ಡಾಕ್ಟರು ಹೌದೋ ಅಲ್ಲವೋ ಅನ್ನುವುದನ್ನು. ಹಳ್ಳಿಯಲ್ಲಿ ಬ್ಯಾಗು ಹಿಡಿದು ಬೈಕಿನಲ್ಲಿ ಬರುವವರೆಲ್ಲ ನಮಗೆ "ಡಾಕ್ಟ್ರೇ". ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವ, ಚುಚ್ಚುಮದ್ದು ಕೊಡುವ ಸಹಾಯಕರ ಕೆಲಸ ಸಣ್ಣದೇನಲ್ಲ, ಹೈನುಗಾರಿಕೆ ನಿಂತಿರುವುದೇ ಅವರ ಓಡಾಟದ ಮೇಲೆ. ಆದರೆ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ರೋಗ ಪತ್ತೆ ಮಾಡಿ ಚಿಕಿತ್ಸೆ ಬರೆಯಬೇಕಾದವರು ನೋಂದಾಯಿತ ಪಶುವೈದ್ಯರು. ಉಳಿದವರು ಅವರ ನಿಗಾದಲ್ಲಿ ಸಣ್ಣಪುಟ್ಟ ಸೇವೆ ಕೊಡಬಹುದು, ಅಷ್ಟೇ. ಬಿ.ವಿ.ಎಸ್‌ಸಿ. ಪದವಿಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಓದಬೇಕು. ಓದಿ ಬಂದವರ ಚೀಟಿಯಲ್ಲಿ ಹೆಸರು, ಪದವಿ, ನೋಂದಣಿ ಸಂಖ್ಯೆ ಇರುತ್ತದೆ. ಇಲ್ಲದಿದ್ದರೆ ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಅಲ್ಲಿಂದ ಎದ್ದು ಬನ್ನಿ.

ಎರಡನೆಯದು, ಸಿರಿಂಜಿಗೆ ಮುಂಚೆ ಪ್ರಶ್ನೆ ಬರುತ್ತದಾ ನೋಡಿ. ನಮ್ಮ ಮನೆಯ ಕರಿಯ ನಾಟಿ ನಾಯಿ, ಜಗ್ಗದ ಜೀವ. ಅದು ಮಂಕಾಗಿ ಮೂಲೆ ಹಿಡಿದಾಗ ತಾಲ್ಲೂಕಿನ ಸರ್ಕಾರಿ ಪಶುವೈದ್ಯರೊಬ್ಬರ ಬಳಿ ಕರೆದೊಯ್ದೆ. ಏನು ತಿಂತು, ವಾಂತಿ ಎಷ್ಟು ಸಲ, ಮೂತ್ರದ ಬಣ್ಣ ಯಾವುದು, ಮನೆಯಲ್ಲಿ ಇಲಿ ಪಾಷಾಣ ಇಟ್ಟಿದ್ದೀರಾ ಅಂತ ಒಂದೊಂದಾಗಿ ಕೇಳಿದರು. ಒಸಡು ನೋಡಿದರು, ಕಿವಿಯೊಳಗೆ ಬೆರಳಾಡಿಸಿ ಉಣ್ಣೆ ತೆಗೆದು ತೋರಿಸಿದರು. ನಾಯಿಗೆಂದು ಬೇರೆ ತೂಕದ ಯಂತ್ರ ಅಲ್ಲಿರಲಿಲ್ಲ. ಮನುಷ್ಯರ ತೂಕದ ಯಂತ್ರದ ಮೇಲೆ ಮೊದಲು ನನ್ನೊಬ್ಬನನ್ನು ನಿಲ್ಲಿಸಿದರು, ಆಮೇಲೆ ಕರಿಯನನ್ನು ಎತ್ತಿಕೊಂಡು ನಿಲ್ಲಿ ಅಂದರು, ಕಳೆದು ತೂಕ ಬರೆದುಕೊಂಡರು. ಆ ತೂಕಕ್ಕೆ ಲೆಕ್ಕ ಹಾಕಿಯೇ ಉಣ್ಣೆಜ್ವರಕ್ಕೆ ಮಾತ್ರೆ ಬರೆದರು. ಔಷಧಿ ಮಾರುವವನಾಗಿ ಹೇಳುತ್ತೇನೆ, ತೂಕ ನೋಡದೆ ಬರೆದ ಡೋಸು ಬರೀ ಅಂದಾಜು. ನಾಯಿಯಲ್ಲಿ ಎರಡು ಕೆ.ಜಿ.ಯದ್ದೂ ಇದೆ, ಐವತ್ತು ಕೆ.ಜಿ.ಯದ್ದೂ ಇದೆ.

ಮೂರನೆಯದು ಫ್ರಿಜ್ಜು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇಡಬೇಕು. ನಮ್ಮ ಊರಿನ ಕರೆಂಟು ನಿಮಗೆ ಗೊತ್ತೇ ಇದೆ. ಕರೆಂಟು ಹೋದರೆ ಏನು ಮಾಡುತ್ತೀರಿ ಅಂತ ಕೇಳುವುದು ನಿಮ್ಮ ಹಕ್ಕು. ಲಸಿಕೆ ಹಾಕಿದ ಮೇಲೆ ಸೀಸೆಯ ಮೇಲಿನ ಚೀಟಿ ಕಿತ್ತು ಪುಸ್ತಕಕ್ಕೆ ಅಂಟಿಸಿ, ತಾರೀಕು ಬರೆದು, ಸಹಿ ಹಾಕಿಕೊಡಬೇಕು. ಚೀಟಿ ಇಲ್ಲದ ಲಸಿಕೆಗೆ ಲೆಕ್ಕವಿಲ್ಲ.

ನಾಲ್ಕನೆಯದನ್ನು ಬಹಳ ಜನ ಗಮನಿಸುವುದೇ ಇಲ್ಲ. ಪಾರ್ವೊ ಬಂದು ರಕ್ತಭೇದಿಯಾಗುತ್ತಿರುವ ಮರಿಯನ್ನು ಆಸ್ಪತ್ರೆಯವರು ಎಲ್ಲಿ ಕೂರಿಸುತ್ತಾರೆ? ಈ ವೈರಸ್ಸು ಜಗತ್ತಿಗೆ ಗೊತ್ತಾದದ್ದು 1978ರ ಸುಮಾರಿಗೆ. ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಫಿನಾಯಿಲಿಗೆ ಜಗ್ಗುವುದಿಲ್ಲ, ಬ್ಲೀಚಿಂಗಿಗೆ ಜಗ್ಗುತ್ತದೆ. ಅಂಥ ಮರಿಯ ಪಕ್ಕದ ಬೆಂಚಿನಲ್ಲೇ ಲಸಿಕೆಗೆ ಬಂದ ಎರಡು ತಿಂಗಳ ಮರಿಯನ್ನೂ ಕೂರಿಸುವ ಜಾಗಕ್ಕೆ ಹೋದರೆ ಲಸಿಕೆಯ ಜೊತೆ ರೋಗವನ್ನೂ ಮನೆಗೆ ತಂದ ಹಾಗೆ.

ಕೊನೆಯದು, "ಇದು ನನ್ನ ಕೈಲಾಗಲ್ಲ, ಹಾಸನಕ್ಕೆ ಹೋಗಿ" ಅಂತ ಹೇಳುವ ಧೈರ್ಯ ಇರುವ ಡಾಕ್ಟರು. ಹಾಸನದಲ್ಲಿ ನಮಗೆ ಪಶುವೈದ್ಯಕೀಯ ಕಾಲೇಜೇ ಇದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಮೂಳೆ ಮುರಿದರೆ, ಹೆರಿಗೆ ಕಟ್ಟಿಕೊಂಡರೆ, ಸ್ಕ್ಯಾನಿಂಗ್ ಬೇಕಾದರೆ ಅಲ್ಲಿಗೇ ಹೋಗಬೇಕು. ಸುತ್ತ ನಿಂತು ನೋಡುವ ವಿದ್ಯಾರ್ಥಿಗಳನ್ನು ಕಂಡು ಗಾಬರಿಯಾಗಬೇಡಿ. ಪ್ರಾಧ್ಯಾಪಕರು ಹುಡುಗರಿಗೆ ವಿವರಿಸುತ್ತಾ ನೋಡುವಾಗ ಪರೀಕ್ಷೆ ಗಡಿಬಿಡಿಯಲ್ಲಿ ಮುಗಿಯುವುದಿಲ್ಲ. ತೊಂದರೆ ಇರುವುದು ದಾರಿಯದ್ದು. ಸುಮಾರು 30 ಕಿ.ಮೀ. ದೂರ. ಬಸ್ಸಿನಲ್ಲಿ ನಾಯಿ ಕಂಡರೆ ಜನ ಸಿಡುಕುತ್ತಾರೆ, ಕಾರು ಮಾಡಿದರೆ ಚಿಕಿತ್ಸೆಗಿಂತ ಬಾಡಿಗೆಯೇ ಜಾಸ್ತಿ. ಅದಕ್ಕೇ ಹತ್ತಿರದ ಡಾಕ್ಟರು ಮುಖ್ಯ. ಯಾವಾಗ ಹೊರಡಬೇಕು ಅಂತ ಹೇಳಬೇಕಾದವರು ಅವರು.

ಈಗ ಸರ್ಕಾರಕ್ಕೆ ಒಂದು ಮಾತು. ನಮ್ಮ ಪಶು ಆಸ್ಪತ್ರೆಗಳು ಹುಟ್ಟಿದ್ದು ದನಗಳಿಗಾಗಿ. ಅದರಲ್ಲಿ ತಪ್ಪೇನಿಲ್ಲ, ಲೋಕದ ಮೊದಲ ಪಶುವೈದ್ಯ ಶಾಲೆ ಫ್ರಾನ್ಸಿನ ಲಿಯಾನಿನಲ್ಲಿ 1762ರಲ್ಲಿ ಬಾಗಿಲು ತೆರೆದಾಗಲೂ ಎದುರಿಗಿದ್ದದ್ದು ದನಗಳ ದೊಡ್ಡರೋಗವೇ. ನಮ್ಮಲ್ಲೂ ಕಾಲುಬಾಯಿ ಜ್ವರ, ಚರ್ಮಗಂಟು ರೋಗ ಬಂದಾಗ ಈ ಡಾಕ್ಟರುಗಳು ಹಟ್ಟಿ ಹಟ್ಟಿ ಅಲೆದಿದ್ದಾರೆ. 1962ಕ್ಕೆ ಫೋನು ಮಾಡಿದರೆ ಹಸುವಿನ ಬಾಗಿಲಿಗೇ ಗಾಡಿ ಬರುವ ವ್ಯವಸ್ಥೆಯೂ ಆಗಿದೆ. ಆದರೆ ಆಸ್ಪತ್ರೆಯ ಅಂಗಳದಲ್ಲಿ ಹಸು ನಿಲ್ಲಿಸುವ ಕಬ್ಬಿಣದ ಟ್ರೆವಿಸ್ ಇರುವ ಹಾಗೆ, ಒಳಗೆ ನಾಯಿ ಬೆಕ್ಕು ಮಲಗಿಸುವ ಒಂದು ಮೇಜೂ ಬೇಡವೇ? ಡಾಕ್ಟರು ಬೆಳಗ್ಗೆ ಯಾವುದೋ ಹಳ್ಳಿಯ ಹಸುವಿನ ಹೆರಿಗೆಗೆ ಹೋಗಿರುತ್ತಾರೆ, ಬೆಕ್ಕು ತಂದವರು ಜಗಲಿಯಲ್ಲಿ ಕಾದು ಕಾದು ನನ್ನ ಅಂಗಡಿಗೆ ಬರುತ್ತಾರೆ. ಇದರಲ್ಲಿ ಡಾಕ್ಟರದ್ದೂ ತಪ್ಪಿಲ್ಲ, ಬೆಕ್ಕು ತಂದವರದ್ದೂ ತಪ್ಪಿಲ್ಲ.

"ನಾಯಿ ಸಾಕೋದು ಶೋಕಿ, ಅದಕ್ಕೆ ಸರ್ಕಾರ ಯಾಕೆ ಖರ್ಚು ಮಾಡಬೇಕು?" ಅನ್ನುವವರಿದ್ದಾರೆ. ಅವರಿಗೆ ರೇಬೀಸ್ ನೆನಪಿಸುತ್ತೇನೆ. ರೋಗ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನಿಗೂ ಔಷಧಿಯಿಲ್ಲ, ನಾಯಿಗೂ ಇಲ್ಲ. ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಕರ್ನಾಟಕ 2022ರಲ್ಲಿ ಘೋಷಿಸಿತು. ನಾಯಿಯಿಂದ ಬರುವ ರೇಬೀಸನ್ನು 2030ರೊಳಗೆ ಇಲ್ಲವಾಗಿಸಬೇಕೆಂಬ ರಾಷ್ಟ್ರೀಯ ಗುರಿಯೂ ಇದೆ. ಮೂರು ತಿಂಗಳು ತುಂಬಿದ ಮರಿಗೆ ಮೊದಲ ಚುಚ್ಚುಮದ್ದು, ಆಮೇಲೆ ಡಾಕ್ಟರು ಹೇಳಿದಂತೆ ಬೂಸ್ಟರ್, ವರ್ಷ ವರ್ಷ ಮತ್ತೆ. ಇದು ತಪ್ಪದೆ ನಡೆಯಬೇಕಾದರೆ ನಾಯಿ ಹಿಡಿದು ಬಂದವರಿಗೆ ಡಾಕ್ಟರು ಸಿಗುವ ಹೊತ್ತು ಖಾತ್ರಿಯಾಗಿ ಗೊತ್ತಿರಬೇಕು.

ನಾನು ಕೇಳುವುದು ಕಟ್ಟಡವನ್ನಲ್ಲ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದಂಥ ತಾಲ್ಲೂಕು ಕೇಂದ್ರಗಳ ಪಶು ಆಸ್ಪತ್ರೆಗಳಲ್ಲಿ ವಾರಕ್ಕೆ ಎರಡು ಮಧ್ಯಾಹ್ನ ನಾಯಿ ಬೆಕ್ಕುಗಳಿಗೇ ಮೀಸಲಿಡಿ. ಒಂದು ಮೇಜು, ಒಂದು ತೂಕದ ಯಂತ್ರ, ಲಸಿಕೆಗೆ ಬ್ಯಾಟರಿ ಇರುವ ಫ್ರಿಜ್ಜು ಕೊಡಿ. ಶುಲ್ಕ ಎಷ್ಟೆಂದು ಗೋಡೆಯ ಮೇಲೆ ಬರೆಸಿ. ಬ್ರಿಟನ್ನಿನಲ್ಲಿ ಪಶುವೈದ್ಯರ ದರ ಮೊದಲೇ ತಿಳಿಯುವುದಿಲ್ಲ ಎಂಬ ದೂರು ಬೆಳೆದು, ಅಲ್ಲಿಯ ಸ್ಪರ್ಧಾ ಪ್ರಾಧಿಕಾರ 2024ರಲ್ಲಿ ಇಡೀ ಕ್ಷೇತ್ರದ ತನಿಖೆಗೇ ಇಳಿಯಿತು. ನಮ್ಮಲ್ಲಿ ಖಾಸಗಿ ಕ್ಲಿನಿಕ್ಕುಗಳು ಈಗಷ್ಟೇ ತಲೆಯೆತ್ತುತ್ತಿವೆ, ದರದ ಬೋರ್ಡು ಹಾಕುವ ಪದ್ಧತಿ ಈಗಲೇ ಶುರುವಾಗಲಿ.

ನಾಯಿ ಬೆಕ್ಕು ಸಾಕಿರುವವರಿಗೂ ಒಂದು ಮಾತು. ಮರಿ ಮನೆಗೆ ಬಂದ ವಾರದಲ್ಲೇ, ಅದು ಚೆನ್ನಾಗಿರುವಾಗಲೇ, ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ತೂಕ ಮಾಡಿಸಿ, ಪುಸ್ತಕ ಬರೆಸಿ, ಡಾಕ್ಟರ ನಂಬರು ತೆಗೆದುಕೊಳ್ಳಿ, ಹಾಸನದ ಕಾಲೇಜಿನ ಆಸ್ಪತ್ರೆಯ ವೇಳೆ ಕೇಳಿ ಗೋಡೆಗೆ ಅಂಟಿಸಿ. ಆಮೇಲೆ ಆ ಡಾಕ್ಟರ ಚೀಟಿ ಹಿಡಿದು ನನ್ನ ಅಂಗಡಿಗೆ ಬನ್ನಿ, ಬರೆದ ಔಷಧಿ ಎಣಿಸಿ ಕೊಡುತ್ತೇನೆ. ಚೀಟಿ ಇಲ್ಲದೆ ಬರಬೇಡಿ.