ಡಿಸ್ಕ್ ಡ್ರೈವ್ ಕೊಳ್ಳುವ ಮುನ್ನ

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದಕಾರಣ ಮನೆಗೆ ಯಾವ ಯಂತ್ರ ಬರುವುದಿದ್ದರೂ “ನೀನು ಓದಿದವನು, ನೋಡಿ ಹೇಳಪ್ಪ” ಎನ್ನುವುದು ನಮ್ಮ ತಂದೆಯವರ ವಾಡಿಕೆ. ಕಳೆದ ವರ್ಷ ಅಣ್ಣ ನಾಲ್ಕಾರು ಸಿನಿಮಾಗಳ ಬ್ಲೂ-ರೇ ಡಿಸ್ಕುಗಳನ್ನು ತಂದನು. ಅವನ್ನು ನೋಡಲು ನನ್ನ ಲ್ಯಾಪ್‌ಟಾಪಿಗೆ ಹೊರಗಿನಿಂದ ಜೋಡಿಸುವ ಡ್ರೈವ್ ಕೊಳ್ಳೋಣವೇ ಎಂದು ಕೇಳಿದಾಗ, ನಾನು ಹಿಂದುಮುಂದು ನೋಡದೆ “ಆಗಬಹುದು” ಎಂದುಬಿಟ್ಟೆ. ಡ್ರೈವ್ ಬಂದಿತು, ಡಿಸ್ಕ್ ತಿರುಗಿತು, ಚಿತ್ರ ಮಾತ್ರ ಮೂಡಲಿಲ್ಲ. ತಂದೆಯವರು ಏನೂ ಅನ್ನಲಿಲ್ಲ. ಅವರ ಆ ಮೌನವೇ ಈ ಲೇಖನಕ್ಕೆ ಕಾರಣ.

ಡಿಸ್ಕಿನ ಹಿರಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಡಿವಿಡಿಯ ಒಂದು ಪದರದಲ್ಲಿ 4.7 ಗಿಗಾಬೈಟ್ ಹಿಡಿದರೆ, 2006ರಲ್ಲಿ ಮಾರುಕಟ್ಟೆಗೆ ಬಂದ ಬ್ಲೂ-ರೇಯಲ್ಲಿ 25 ಹಿಡಿಯುತ್ತದೆ. ಡಿವಿಡಿಯನ್ನು ಓದುವ ಕೆಂಪು ಲೇಸರಿನ ತರಂಗಾಂತರ 650 ನ್ಯಾನೋಮೀಟರ್. ಇದರ ನೀಲಿ-ನೇರಳೆ ಲೇಸರಿನದು 405. ಕಿರಣದ ಮೊನೆ ಸಣ್ಣದಾದುದರಿಂದ ಗುರುತುಗಳನ್ನು ಒತ್ತೊತ್ತಾಗಿ ಬರೆಯಬಹುದು. ಇಂಟರ್‌ನೆಟ್ ಪದೇ ಪದೇ ತಡವರಿಸುವ ನಮ್ಮೂರಿನಂಥಲ್ಲಿ, ಸ್ಪಷ್ಟವಾದ ಚಿತ್ರವೊಂದು ಕೈಯಲ್ಲೇ ಇರುವುದು ಸಣ್ಣ ಲಾಭವಲ್ಲ.

ಆದರೆ ಇಂತಹ ಸಿನಿಮಾ ಡಿಸ್ಕುಗಳಿಗೆ ಎ.ಎ.ಸಿ.ಎಸ್. ಎಂಬ ಬೀಗವುಂಟು. ಡ್ರೈವ್ ಬರಿಯ ಬಾಗಿಲು. ಬೀಗ ತೆರೆಯಲು ಪರವಾನಗಿ ಪಡೆದ ಸಾಫ್ಟ್‌ವೇರ್ ಬೇಕು. ವಿಂಡೋಸ್ ಅದನ್ನು ತಾನಾಗಿ ಒದಗಿಸುವುದಿಲ್ಲ. ಮೇಲಾಗಿ ಡಿಸ್ಕುಗಳಿಗೆ ವಲಯದ ಕಟ್ಟೂ ಇರಬಹುದು: ಭಾರತ ‘ಸಿ’ ವಲಯ, ಅಮೆರಿಕ ‘ಎ’ ವಲಯ. 4ಕೆ ಡಿಸ್ಕಿನ ಪಾಡು ಇನ್ನೂ ವಿಚಿತ್ರ. ಅದಕ್ಕೆ ಪ್ರೊಸೆಸರಿನಲ್ಲಿ ಎಸ್.ಜಿ.ಎಕ್ಸ್. ಎಂಬ ರಕ್ಷಣಾ ಏರ್ಪಾಡು ಬೇಕಿತ್ತು. ಇಂಟೆಲ್ ತನ್ನ 11 ಮತ್ತು 12ನೆಯ ಪೀಳಿಗೆಯ ಕೋರ್ ಪ್ರೊಸೆಸರುಗಳಲ್ಲಿ ಅದನ್ನೇ ಕೈಬಿಟ್ಟಿತು. ಹಳೆಯ ಕಂಪ್ಯೂಟರಿನಲ್ಲಿ ಕಾಣುವುದು ಹೊಸದರಲ್ಲಿ ಕಾಣದು!

ನಕಲು ಮಾಡುವವರನ್ನು ತಡೆಯಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಹಣ ತೆತ್ತು ಡಿಸ್ಕ್ ಕೊಂಡವನಿಂದ ಬೀಗದ ಕೈಗೆಂದು ಮತ್ತೆ ಹಣ ಕೇಳುವುದಾದರೆ, ಆ ಮಾತನ್ನು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚುಹಾಕಬೇಡವೇ?

ನನ್ನ ಅಭಿಪ್ರಾಯವಿಷ್ಟು: ಮನೆಯಲ್ಲಿ ಟಿ.ವಿ. ಇದ್ದು, ಸಿನಿಮಾ ನೋಡುವುದೊಂದೇ ಉದ್ದೇಶವಾದರೆ ಟಿ.ವಿ.ಗೆ ಜೋಡಿಸುವ ಬ್ಲೂ-ರೇ ಪ್ಲೇಯರೇ ಲೇಸು. ಬೀಗದ ಕೈ ಅದರೊಳಗೇ ಇರುತ್ತದೆ. ಡ್ರೈವೇ ಬೇಕೆಂದರೆ ಸಾಫ್ಟ್‌ವೇರಿನ ಬೆಲೆಯನ್ನು ಮೊದಲೇ ಕೂಡಿಸಿ ಲೆಕ್ಕ ಹಾಕಿರಿ.

ಕೊನೆಗೆ ಅಣ್ಣ ಆ ಹಣವನ್ನೂ ತೆತ್ತನು. ಚಿತ್ರ ಮೂಡಿತು, ಅವ್ವ ಕಣ್ಣರಳಿಸಿ ನೋಡಿದಳು. ನಾನು ಕಲಿತ ಪಾಠ ಬೇರೆ. ನಮ್ಮನ್ನು ಓದಿದವರೆಂದು ನಂಬಿ ಕೇಳುವವರಿಗೆ “ಆಗಬಹುದು” ಎನ್ನುವುದಕ್ಕಿಂತ “ತಿಳಿದುಕೊಂಡು ನಾಳೆ ಹೇಳುತ್ತೇನೆ” ಎನ್ನುವುದೇ ವಿದ್ಯೆಗೆ ಭೂಷಣ.